ರಿಜಿಸ್ಟರ್ ಆಗುವ ರೆವಿನ್ಯೂ ಸೈಟನ್ನು ಹೂಡಿಕೆಗಾಗಿ ಕೊಳ್ಳಬಹುದೇ?

ಓದುಗರ ಪ್ರಶ್ನೆ: ಹೊಸಕೋಟೆಯಿಂದ ಸ್ವಲ್ಪ ಆಚೆ 30×40 ಅಡಿ ಅಳತೆಯ ರೆವಿನ್ಯೂ ಸೈಟೊಂದು (ಅನುಮೋದನೆಯಿಲ್ಲದೆ ಕೃಷಿ ಭೂಮಿಯಲ್ಲಿ ಮಾಡಿದ ನಿವೇಶನ) ಪಕ್ಕದ ಅನುಮೋದಿತ ಬಡಾವಣೆಯ ಅರ್ಧ ಬೆಲೆಗೆ ಸಿಗುತ್ತಿದೆ. ನನಗೆ ಮನೆ ಕಟ್ಟುವ ಉದ್ದೇಶವಿಲ್ಲ. ಏಳೆಂಟು ವರ್ಷ ಇಟ್ಟುಕೊಂಡು ಮಾರುವ ಯೋಚನೆಯಿದೆ. ‘ರಿಜಿಸ್ಟ್ರೇಷನ್ ಆಗುತ್ತದೆ, ಖಾತೆಯೂ ಆಗುತ್ತದೆ, ಇನ್ನೇನು ಭಯ?’ ಎಂದು ಮಧ್ಯವರ್ತಿ ಹೇಳುತ್ತಾರೆ. ಕೊಳ್ಳಬಹುದೇ?

ಉತ್ತರ: ಕೊಳ್ಳಬೇಡಿ. ಮಧ್ಯವರ್ತಿ ಹೇಳುವ ಎರಡು ಸಂಗತಿಗಳೂ ನಿಜವಿರಬಹುದು, ಆದರೆ ಅವೆರಡೂ ಸೇರಿದರೂ ನಿಮ್ಮನ್ನು ಆ ಜಾಗದ ಒಡೆಯರನ್ನಾಗಿ ಮಾಡುವುದಿಲ್ಲ.

1908ರ ನೋಂದಣಿ ಕಾಯ್ದೆಯ ಪ್ರಕಾರ ಉಪನೋಂದಣಾಧಿಕಾರಿ ನೋಂದಾಯಿಸುವುದು ದಸ್ತಾವೇಜನ್ನು. ಬರೆದುಕೊಟ್ಟವರು ಯಾರು, ಬರೆಸಿಕೊಂಡವರು ಯಾರು, ಮುದ್ರಾಂಕ ಶುಲ್ಕ ಸಂದಾಯವಾಗಿದೆಯೇ ಎಂಬುದನ್ನು ಅವರು ನೋಡುತ್ತಾರೆಯೇ ಹೊರತು, ಮಾರುವವರಿಗೆ ಆ ಭೂಮಿಯ ಮೇಲೆ ನಿಜವಾದ ಹಕ್ಕಿದೆಯೇ ಎಂಬುದನ್ನು ತೀರ್ಮಾನಿಸುವುದಿಲ್ಲ. ಖಾತೆಯಾದರೋ ತೆರಿಗೆಯನ್ನು ಯಾರಿಂದ ವಸೂಲು ಮಾಡಬೇಕೆಂಬುದರ ದಾಖಲೆ. ಅದರಲ್ಲಿ ಹೆಸರಿದ್ದ ಮಾತ್ರಕ್ಕೆ ಒಡೆತನ ಹುಟ್ಟುವುದಿಲ್ಲವೆಂದು ನ್ಯಾಯಾಲಯಗಳು ಮತ್ತೆ ಮತ್ತೆ ಹೇಳಿವೆ. ಹಕ್ಕನ್ನು ಪರಿಶೀಲಿಸುವ ಹೊಣೆ ಸಂಪೂರ್ಣವಾಗಿ ಕೊಳ್ಳುವವರದು. ಖಾಲಿ ಜಾಗದ ವಿಷಯದಲ್ಲಿ ಈ ಹೊಣೆ ಇನ್ನೂ ಭಾರವಾದದ್ದು, ಏಕೆಂದರೆ ಅಲ್ಲಿ ಮನೆಯಿಲ್ಲ, ಬಾಡಿಗೆದಾರರಿಲ್ಲ, ವಿದ್ಯುತ್ ಬಿಲ್ಲಿಲ್ಲ. ಯಾರು ಅನುಭವದಲ್ಲಿದ್ದಾರೆ ಎಂಬುದಕ್ಕೆ ನೆಲದ ಮೇಲೆ ಒಂದು ಕುರುಹೂ ಇರುವುದಿಲ್ಲ.

ರೆವಿನ್ಯೂ ಸೈಟು ಅಗ್ಗವಾಗಿರುವುದಕ್ಕೂ ಇದೇ ಹಿನ್ನೆಲೆ. ಕೃಷಿ ಭೂಮಿಯನ್ನು ಬೇರೆ ಉದ್ದೇಶಕ್ಕೆ ಬಳಸಲು 1964ರ ಕರ್ನಾಟಕ ಭೂಕಂದಾಯ ಕಾಯ್ದೆಯ 95ನೇ ಕಲಮಿನ ಪ್ರಕಾರ ಭೂಪರಿವರ್ತನೆಯಾಗಬೇಕು, ಆಮೇಲೆ ಯೋಜನಾ ಪ್ರಾಧಿಕಾರವು ಬಡಾವಣೆಯ ನಕ್ಷೆಯನ್ನು ಅನುಮೋದಿಸಬೇಕು. ರೆವಿನ್ಯೂ ಸೈಟಿನಲ್ಲಿ ಈ ಎರಡರಲ್ಲಿ ಒಂದು, ಬಹಳ ಸಲ ಎರಡೂ, ಇರುವುದಿಲ್ಲ. ‘ನಾಳೆ ಸಕ್ರಮವಾಗುತ್ತದೆ’ ಎಂಬ ಮಾತು ದಶಕಗಳಿಂದ ಕೇಳಿಬರುತ್ತಿದೆ. ನಿಯಮ ಮೀರಿದ ನಿವೇಶನ, ಕಟ್ಟಡಗಳನ್ನು ದಂಡ ಕಟ್ಟಿಸಿಕೊಂಡು ಸಕ್ರಮಗೊಳಿಸುವ ಅಕ್ರಮ-ಸಕ್ರಮ ಯೋಜನೆಗೆ 2017ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ತಡೆ ನೀಡಿತು. 2025ರಲ್ಲಿ ಬೆಂಗಳೂರಿನ ಬಿ ಖಾತಾ (ನಿಯಮಬದ್ಧವಲ್ಲದ ಆಸ್ತಿಗಳ ಖಾತೆ) ನಿವೇಶನಗಳಿಗೆ ಎ ಖಾತಾ (ನಿಯಮಬದ್ಧ ಆಸ್ತಿಗಳ ಖಾತೆ) ಕೊಡುವ ಕ್ರಮ ಘೋಷಣೆಯಾಗಿದೆಯಾದರೂ, ನಗರದೊಳಗಿನ ನಿವೇಶನಗಳಿಗೆ ಬಂದದ್ದನ್ನು ಹೊಸಕೋಟೆಯಾಚೆಯ ಪಂಚಾಯಿತಿ ನಿವೇಶನಕ್ಕೂ ಬರುತ್ತದೆಂದು ನಂಬಿ ಇಂದೇ ಹಣ ಕೊಡುವುದು ಹೂಡಿಕೆಯಲ್ಲ. ನೀವು ಮನೆ ಕಟ್ಟುವವರಲ್ಲ, ಮಾರುವವರು; ಮುಂದೆ ನಿಮ್ಮಿಂದ ಕೊಳ್ಳುವವರು ಬ್ಯಾಂಕ್ ಸಾಲ ಕೇಳುತ್ತಾರೆ, ಬ್ಯಾಂಕುಗಳು ಸಾಮಾನ್ಯವಾಗಿ ಇಂಥ ಜಾಗಕ್ಕೆ ಸಾಲ ಕೊಡುವುದಿಲ್ಲ. ಇಂದು ನಿಮಗೆ ಅರ್ಧ ಬೆಲೆಗೆ ಸಿಕ್ಕಿದ್ದು ಆಗಲೂ ಅರ್ಧ ಬೆಲೆಯದ್ದಾಗಿಯೇ ಉಳಿಯುತ್ತದೆ.

ಹಾಗಾದರೆ ಯಾವ ಖಾಲಿ ಜಾಗವನ್ನು ಕೊಳ್ಳಬೇಕು? ಸೈಟಿನ ನಂಬರನ್ನು ಬದಿಗಿಟ್ಟು, ಅದು ಯಾವ ಸರ್ವೆ ನಂಬರಿನಿಂದ ಹುಟ್ಟಿದೆ ಎಂದು ಮೊದಲು ಕೇಳಿ. ಆ ಸರ್ವೆ ನಂಬರಿನ ಇತಿಹಾಸದಲ್ಲಿಯೇ ಬಹುಪಾಲು ತೊಂದರೆಗಳು ಅಡಗಿರುತ್ತವೆ.

ಎಲ್ಲಕ್ಕಿಂತ ಮೊದಲು ನೋಡಬೇಕಾದದ್ದು, ಆ ಭೂಮಿ ಎಂದಾದರೂ ಸರ್ಕಾರದಿಂದ ಮಂಜೂರಾದದ್ದೇ ಎಂಬುದನ್ನು. ಪರಿಶಿಷ್ಟ ಜಾತಿ ಅಥವಾ ಪಂಗಡದವರಿಗೆ ಮಂಜೂರಾದ ಜಮೀನನ್ನು ಸರ್ಕಾರದ ಪೂರ್ವಾನುಮತಿಯಿಲ್ಲದೆ ಮಾರಿದ್ದರೆ, ಪಿ.ಟಿ.ಸಿ.ಎಲ್. ಎಂದೇ ಎಲ್ಲರೂ ಕರೆಯುವ 1978ರ ಕಾಯ್ದೆಯ ಪ್ರಕಾರ ಆ ಮಾರಾಟ ಅಸಿಂಧು. ಜಮೀನು ಮೂಲ ಮಂಜೂರುದಾರರಿಗೆ ಅಥವಾ ಅವರ ವಾರಸುದಾರರಿಗೆ ಮರಳುತ್ತದೆ, ಕೊಂಡವರಿಗೆ ಪರಿಹಾರವಿಲ್ಲ. ನಡುವೆ ಎಷ್ಟು ಕೈ ಬದಲಾಗಿದ್ದರೂ, ಎಷ್ಟು ವರ್ಷ ಕಳೆದಿದ್ದರೂ ಅರ್ಜಿ ಹಾಕಲು ಕಾಲಮಿತಿಯಿಲ್ಲ ಎಂದು 2023ರ ತಿದ್ದುಪಡಿ ಸ್ಪಷ್ಟಪಡಿಸಿತು. ಭೂಮಿಯನ್ನೇ ಕಾಣದೆ ದುಡಿದ ಕುಟುಂಬಗಳ ಕೈಗೆ ಬಂದ ನೆಲ ಪುಡಿಗಾಸಿಗೆ ಮತ್ತೆ ಕೈತಪ್ಪಬಾರದೆಂದು ಬಂದ ಕಾನೂನಿದು. ಅದು ನ್ಯಾಯವಾದದ್ದೆಂದೇ ನಾನು ನಂಬುತ್ತೇನೆ, ಅದನ್ನು ದಾಟುವ ಅಡ್ಡದಾರಿ ಹುಡುಕುವ ಹೂಡಿಕೆದಾರರಿಗೆ ಯಾವ ಸಲಹೆಯನ್ನೂ ಕೊಡಲಾರೆ. ಕಂಪ್ಯೂಟರ್ ಪಹಣಿಯಲ್ಲಿ ಈ ಮೂಲ ಕಾಣದೇ ಹೋಗಬಹುದು. ತಾಲ್ಲೂಕು ಕಚೇರಿಯ ದಾಖಲೆ ಕೊಠಡಿಯಿಂದ ಕೈಬರಹದ ಹಳೆಯ ಪಹಣಿಗಳನ್ನು, ಮ್ಯುಟೇಷನ್ (ಹಕ್ಕು ಬದಲಾವಣೆ) ಪ್ರತಿಗಳನ್ನು, ಮಂಜೂರಾತಿ ಇದ್ದರೆ ಸಾಗುವಳಿ ಚೀಟಿಯನ್ನು ತೆಗೆಸಿ ಓದಿಸಲೇಬೇಕು.

ಪಿತ್ರಾರ್ಜಿತ ಜಮೀನಾದರೆ ವಂಶವೃಕ್ಷವನ್ನು ಕೇಳಿ, ಅದರಲ್ಲಿ ಹೆಣ್ಣುಮಕ್ಕಳ ಹೆಸರು ಇದೆಯೇ ಎಂದು ನೋಡಿ. ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿಯಿಂದ ಮಗಳು ಹುಟ್ಟಿನಿಂದಲೇ ಮಗನಷ್ಟೇ ಹಕ್ಕುಳ್ಳವಳು. ತಿದ್ದುಪಡಿ ಬಂದಾಗ ತಂದೆ ಬದುಕಿರಬೇಕಾಗಿಲ್ಲವೆಂದು 2020ರಲ್ಲಿ ಸುಪ್ರೀಂ ಕೋರ್ಟ್ ತೀರ್ಪು ನೀಡಿದೆ. ಅಣ್ಣತಮ್ಮಂದಿರು ಮಾತ್ರ ಸಹಿ ಹಾಕಿ, ಮದುವೆಯಾಗಿ ಹೋದ ಅಕ್ಕತಂಗಿಯರನ್ನು ಬಿಟ್ಟಿರುವ ಕ್ರಯಪತ್ರಗಳು ವಿಭಾಗದ ದಾವೆಗಳಾಗಿ ಸಿವಿಲ್ ನ್ಯಾಯಾಲಯಕ್ಕೆ ಬರುತ್ತಲೇ ಇವೆ. ಅವರ ಸಹಿ ಬೇಕೆಂದು ಕೇಳುವುದು ನಿಮ್ಮ ರಕ್ಷಣೆಯೂ ಹೌದು, ಅವರ ಪಾಲನ್ನು ಗೌರವಿಸುವ ಕ್ರಮವೂ ಹೌದು.

ಇನ್ನು ಭೂಸ್ವಾಧೀನ. ಡಾ. ಶಿವರಾಮ ಕಾರಂತ ಬಡಾವಣೆಗಾಗಿ ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ 2008ರ ಡಿಸೆಂಬರ್‌ನಲ್ಲಿ ಯಲಹಂಕದತ್ತಣ 17 ಹಳ್ಳಿಗಳಲ್ಲಿ ಪ್ರಾಥಮಿಕ ಅಧಿಸೂಚನೆ ಹೊರಡಿಸಿತ್ತು. ಹೈಕೋರ್ಟ್ ಅದನ್ನು ರದ್ದುಪಡಿಸಿದಾಗ ಅಪಾಯ ಕಳೆಯಿತೆಂದು ತಿಳಿದವರು ಅಲ್ಲಿ ನಿವೇಶನ ಕೊಂಡರು, ಕೆಲವರು ಮನೆಯನ್ನೂ ಕಟ್ಟಿದರು. 2018ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ಆ ಆದೇಶವನ್ನು ಬದಿಗೊತ್ತಿ, ಬಡಾವಣೆಯ ಕೆಲಸ ಮುಂದುವರಿಯಲಿ ಎಂದಿತು. ಆದ್ದರಿಂದ ಋಣಭಾರ ಪ್ರಮಾಣಪತ್ರ ಶುದ್ಧವಾಗಿದೆ ಎಂದಷ್ಟಕ್ಕೆ ನಿಲ್ಲಬೇಡಿ. ನೋಂದಣಿಯಾದ ವ್ಯವಹಾರಗಳನ್ನು ಮಾತ್ರ ತೋರಿಸುವ ಆ ಪತ್ರದಲ್ಲಿ ಸ್ವಾಧೀನದ ಅಧಿಸೂಚನೆಯಾಗಲಿ, ನ್ಯಾಯಾಲಯದಲ್ಲಿರುವ ದಾವೆಯಾಗಲಿ, ನೋಂದಣಿಯಾಗದ ಕರಾರಾಗಲಿ ಕಾಣದೇ ಇರಬಹುದು. ಅಭಿವೃದ್ಧಿ ಪ್ರಾಧಿಕಾರ, ಕೈಗಾರಿಕಾ ಪ್ರದೇಶಾಭಿವೃದ್ಧಿ ಮಂಡಳಿ ಮತ್ತು ಹೆದ್ದಾರಿ ಪ್ರಾಧಿಕಾರದಲ್ಲಿ ಸರ್ವೆ ನಂಬರನ್ನು ಕೊಟ್ಟು ಲಿಖಿತವಾಗಿ ವಿಚಾರಿಸಬೇಕು, ತಾಲ್ಲೂಕು ನ್ಯಾಯಾಲಯದಲ್ಲಿ ಪ್ರಕರಣಗಳಿವೆಯೇ ಎಂದು ವಕೀಲರಿಂದ ಹುಡುಕಿಸಬೇಕು.

ಕಾಗದ ಮುಗಿದ ಮೇಲೆ ನೆಲ. ರಾಜ್ಯ ಸರ್ಕಾರದ ದಿಶಾಂಕ್ ಆ್ಯಪ್ ಅನ್ನು ಮೊಬೈಲಿನಲ್ಲಿ ಹಾಕಿಕೊಂಡು ಜಾಗದ ಮೇಲೆ ನಿಂತರೆ ನೀವಿರುವುದು ಯಾವ ಸರ್ವೆ ನಂಬರಿನಲ್ಲಿ ಎಂದು ತಿಳಿಯುತ್ತದೆ. ತೋರಿಸುವ ಜಾಗ ಒಂದು, ಬರೆದುಕೊಡುವ ಜಾಗ ಇನ್ನೊಂದು ಆಗಿರುವುದು ಹಲವು ಸಲ ಅಲ್ಲಿಯೇ ಹೊರಬೀಳುತ್ತದೆ. ಗ್ರಾಮ ನಕ್ಷೆಯಲ್ಲಿ ಹಳ್ಳ, ಬಂಡಿದಾರಿ, ಕೆರೆ ಎಲ್ಲಿವೆ ನೋಡಿ. ಬಿ ಖರಾಬು ಸಾರ್ವಜನಿಕ ಬಳಕೆಗೆ ಮೀಸಲಾದ ನೆಲ, ಅದನ್ನು ಯಾರೂ ನಿಮಗೆ ಮಾರಲಾರರು. ಬೆಂಗಳೂರಿನ 2015ರ ಪರಿಷ್ಕೃತ ಮಹಾಯೋಜನೆ ರಾಜಕಾಲುವೆಗಳಿಗೆ ದರ್ಜೆಯ ಪ್ರಕಾರ 50, 25 ಮತ್ತು 15 ಮೀಟರ್ ಮೀಸಲು ಅಂತರ ವಿಧಿಸಿದೆ. ಹಸಿರು ನ್ಯಾಯಮಂಡಳಿ ಹೇಳಿದ್ದ ಬೇರೆ ಅಂತರವನ್ನು ಸುಪ್ರೀಂ ಕೋರ್ಟ್ 2019ರಲ್ಲಿ ಬದಿಗೊತ್ತಿತು. ಹೊಸಕೋಟೆಯಂಥ ಕಡೆ ಅಲ್ಲಿನ ಯೋಜನಾ ಪ್ರಾಧಿಕಾರದ ಸ್ವಂತ ಮಹಾಯೋಜನೆ ಅನ್ವಯಿಸುತ್ತದೆ. ನಿಮ್ಮ ಸರ್ವೆ ನಂಬರು ವಸತಿ ವಲಯದಲ್ಲಿದೆಯೋ ಕೃಷಿ ವಲಯದಲ್ಲಿದೆಯೋ ಎಂಬುದನ್ನು ಅಲ್ಲಿಂದಲೇ ಬರಹದಲ್ಲಿ ಪಡೆಯಿರಿ. ಮಳೆಗಾಲದಲ್ಲಿ ಒಮ್ಮೆ ಹೋಗಿ ನೋಡಿದರೆ ನೀರು ಎಲ್ಲಿ ನಿಲ್ಲುತ್ತದೆ ಎಂಬುದೂ ತಿಳಿಯುತ್ತದೆ. ಅಕ್ಕಪಕ್ಕದ ಜಮೀನಿನವರನ್ನು ಮಾತನಾಡಿಸುವುದನ್ನಂತೂ ಬಿಡಲೇಬೇಡಿ, ಆ ಹೊಲದ ಮೇಲಿನ ಜಗಳಗಳು ಮೊದಲು ಗೊತ್ತಿರುವುದು ಅವರಿಗೇ.

ಬಡಾವಣೆಯಲ್ಲಿ ಕೊಳ್ಳುವುದಾದರೆ ಕೆಲಸ ಸ್ವಲ್ಪ ಹಗುರ. 500 ಚದರ ಮೀಟರಿಗಿಂತ ಹೆಚ್ಚಿನ ಭೂಮಿಯಲ್ಲಿ ಹೊಸದಾಗಿ ನಿವೇಶನ ಮಾಡಿ ಮಾರುವವರು ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರ) ನೋಂದಣಿ ಪಡೆದಿರಬೇಕು. ಆ ಸಂಖ್ಯೆಯಿಂದ ಅನುಮೋದಿತ ನಕ್ಷೆಯನ್ನು ಜಾಲತಾಣದಲ್ಲಿ ನೀವೇ ನೋಡಬಹುದು. ಆದರೆ ನಕ್ಷೆಗೆ ಅನುಮೋದನೆ ಇದೆಯೆಂದ ಮಾತ್ರಕ್ಕೆ ಮೇಲೆ ಹೇಳಿದ ಹಕ್ಕಿನ ಪರಿಶೀಲನೆಯನ್ನು ಬಿಡಲಾಗದು.

2020ರಲ್ಲಿ ಭೂಸುಧಾರಣಾ ಕಾಯ್ದೆಯ 79ಎ ಮತ್ತು 79ಬಿ ಕಲಮುಗಳು ರದ್ದಾದ ಮೇಲೆ ಕೃಷಿಕರಲ್ಲದವರೂ ಕರ್ನಾಟಕದಲ್ಲಿ ಕೃಷಿ ಭೂಮಿ ಕೊಳ್ಳಬಹುದು. ಆದರೆ ಒಂದು ಸರ್ವೆ ನಂಬರಿನ ಭಾಗವನ್ನು ಕೊಳ್ಳುವಾಗ 11ಇ ನಕ್ಷೆ (ಮಾರುವ ಭಾಗವನ್ನು ಅಳೆದು ಸರ್ವೆ ಇಲಾಖೆ ಕೊಡುವ ನಕ್ಷೆ) ಇರಬೇಕು, ಹದ್ದುಬಸ್ತು (ಗಡಿ ಅಳತೆ) ಮಾಡಿಸಿ ಕಲ್ಲು ನೆಡಿಸಿಕೊಳ್ಳಬೇಕು. ವಿದೇಶದಲ್ಲಿ ನೆಲೆಸಿರುವ ಅನಿವಾಸಿ ಕನ್ನಡಿಗರಿಗೆ ಈ ದಾರಿ ತೆರೆದಿಲ್ಲ. ವಿದೇಶಿ ವಿನಿಮಯ ನಿಯಮಗಳ ಪ್ರಕಾರ ಅವರು ಕೃಷಿ ಭೂಮಿ, ತೋಟ, ಫಾರ್ಮ್‌ಹೌಸ್‌ಗಳನ್ನು ಕೊಳ್ಳುವಂತಿಲ್ಲ. ಜಿ.ಪಿ.ಎ. (ಸಾಮಾನ್ಯ ಅಧಿಕಾರ ಪತ್ರ) ಬರೆಸಿಕೊಂಡು ಜಮೀನು ತಮ್ಮದಾಯಿತೆಂದು ತಿಳಿಯುವುದನ್ನು ಯಾರೂ ಮಾಡಬಾರದು. ಅದರಿಂದ ಒಡೆತನ ವರ್ಗವಾಗುವುದಿಲ್ಲವೆಂದು ಸುಪ್ರೀಂ ಕೋರ್ಟ್ 2011ರಲ್ಲಿಯೇ ಹೇಳಿದೆ.

ಲೆಕ್ಕ ಹಾಕುವಾಗ ಬೆಲೆಯೊಂದನ್ನೇ ಹಿಡಿಯಬೇಡಿ. 2025ರ ಆಗಸ್ಟ್ 31ರಿಂದ ನೋಂದಣಿ ಶುಲ್ಕ ಶೇ 1ರಿಂದ 2ಕ್ಕೆ ಏರಿದ್ದು, ಶೇ 5ರ ಮುದ್ರಾಂಕ ಶುಲ್ಕ ಮತ್ತು ಅದರ ಮೇಲಿನ ಉಪಕರಗಳು ಸೇರಿದರೆ ಖರ್ಚು ಶೇ 7.5ನ್ನು ದಾಟುತ್ತದೆ. ವಕೀಲರ ಮತ್ತು ಸರ್ವೆಯ ವೆಚ್ಚ ಬೇರೆ. ಖಾಲಿ ಜಾಗ ಬಾಡಿಗೆ ತರುವುದಿಲ್ಲ, ತೆರಿಗೆಯನ್ನಂತೂ ಪ್ರತಿ ವರ್ಷ ಕೇಳುತ್ತದೆ. ಕೊಂಡ ಮೇಲೆ ಬೇಲಿ ಹಾಕಿಸಿ, ಖಾತೆ ಬದಲಿಸಿಕೊಂಡು, ವರ್ಷಕ್ಕೊಮ್ಮೆಯಾದರೂ ಹೋಗಿ ನೋಡಿ ಬನ್ನಿ, ಹೊಸ ಋಣಭಾರ ಪ್ರಮಾಣಪತ್ರವನ್ನೂ ತೆಗೆಸಿ. ಬೇರೆಯವರು 12 ವರ್ಷ ಅಡೆತಡೆಯಿಲ್ಲದೆ, ನಿಮ್ಮ ಹಕ್ಕಿಗೆ ವಿರುದ್ಧವಾಗಿ, ಬಹಿರಂಗವಾಗಿ ಅದನ್ನು ಅನುಭವಿಸಿದರೆ, 1963ರ ಕಾಲಮಿತಿ ಕಾಯ್ದೆಯ ಪ್ರಕಾರ ನಿಮ್ಮ ನೋಂದಾಯಿತ ಕ್ರಯಪತ್ರ ಕೈಯಲ್ಲಿರುವಾಗಲೇ ಜಾಗ ಅವರದಾಗಬಹುದು.