ಬ್ಯಾರೆಲ್ ತುದಿಯ ಸಣ್ಣ ಕಚ್ಚು

ಮೊನ್ನೆ ಒಬ್ಬರು ಟವೆಲ್‌ನಲ್ಲಿ ಸುತ್ತಿ ರಿವಾಲ್ವರ್ ರಿಪೇರಿಗೆ ತಂದರು. ಕೈತಪ್ಪಿ ಕಲ್ಲುನೆಲದ ಮೇಲೆ ಬಿದ್ದಿತ್ತಂತೆ. ಬ್ಯಾರೆಲ್‌ನ ಪಕ್ಕದಲ್ಲಿ ಹೆಬ್ಬೆರಳಿನಷ್ಟು ಉದ್ದದ ಗೀರು. "ಸರ್, ಇದು ಹೋಯ್ತು ಅಲ್ವಾ?" ಅಂದರು. ಮುಖ ಬಾಡಿತ್ತು.

ಮೊದಲು ಸಿಲಿಂಡರ್ ತೆರೆದು, ಗುಂಡು ಕೂರುವ ಒಂದೊಂದು ಕೋಣೆಯೂ ಖಾಲಿ ಇದೆ ಅಂತ ಕಣ್ಣಲ್ಲಿ ನೋಡಿ, ಬೆರಳಲ್ಲೂ ಮುಟ್ಟಿ ಖಚಿತ ಮಾಡಿಕೊಂಡೆ. ತಂದವರು ಎಷ್ಟೇ ಭರವಸೆ ಕೊಟ್ಟರೂ ಇದನ್ನು ನಾನು ಬಿಡುವುದಿಲ್ಲ. ಆಮೇಲೆ ಗೀರು ನೋಡಿದೆ. ಮೇಲಿನ ಬಣ್ಣ ಕಿತ್ತಿತ್ತು, ಅಷ್ಟೇ. ಆದರೆ ತುದಿಯಲ್ಲಿ, ಗುಂಡು ಹೊರಬೀಳುವ ಬಾಯಿಯ ಅಂಚಿನಲ್ಲಿ, ಸಾಸಿವೆಗಿಂತ ಚಿಕ್ಕದೊಂದು ಕಚ್ಚು ಬಿದ್ದಿತ್ತು. ಅವರ ಕಣ್ಣಿಗೆ ಅದು ಬಿದ್ದೇ ಇರಲಿಲ್ಲ.

ಹತ್ತಿ ಸುತ್ತಿದ ಕಡ್ಡಿಯನ್ನು ಒಳಗಿಟ್ಟು, ಅಂಚನ್ನು ಸವರಿಕೊಂಡು ನಿಧಾನವಾಗಿ ಹೊರಗೆಳೆದೆ. ಕಚ್ಚು ಇದ್ದ ಕಡೆ ಎರಡು ಎಳೆ ಸಿಕ್ಕಿಕೊಂಡು ನಿಂತವು. ಅಲ್ಲಿ ಲೋಹ ಮುಳ್ಳಿನಂತೆ ಎದ್ದಿದೆ ಅಂತ ಅರ್ಥ.

ಇಷ್ಟು ಚಿಕ್ಕದಕ್ಕೆ ಯಾಕೆ ತಲೆ ಕೆಡಿಸಿಕೊಳ್ಳಬೇಕು? ಗುಂಡನ್ನು ಬ್ಯಾರೆಲ್ ಕೊನೆಯದಾಗಿ ಮುಟ್ಟುವುದು ಈ ಅಂಚಿನಲ್ಲಿ. ಗುಂಡಿನ ಬುಡ ಇದನ್ನು ದಾಟುವ ಗಳಿಗೆಯಲ್ಲಿ ಹಿಂದಿನ ಅನಿಲ ಸುತ್ತಲೂ ಒಂದೇ ಸಮನಾಗಿ ನುಗ್ಗಬೇಕು. ಒಂದು ಕಡೆ ಕಚ್ಚಿದ್ದರೆ ಅಲ್ಲಿಂದ ಕೊಂಚ ಮೊದಲೇ ನುಗ್ಗಿ ಗುಂಡನ್ನು ಓರೆ ಮಾಡುತ್ತದೆ. ಆಮೇಲೆ ಕೈ ಎಷ್ಟೇ ಸ್ಥಿರವಾಗಿದ್ದರೂ ಗುರಿ ಚೆದುರುತ್ತದೆ.

ಬಿದ್ದು ಆಗುವ ಕಚ್ಚಿಗಿಂತ ಕ್ಲೀನ್ ಮಾಡುವಾಗ ಆಗುವ ಸವೆತವನ್ನೇ ನಾನು ಜಾಸ್ತಿ ನೋಡಿದ್ದೇನೆ. ಹೆಚ್ಚಿನ ರಿವಾಲ್ವರ್‌ಗಳಲ್ಲಿ ಬ್ಯಾರೆಲ್‌ನ ಹಿಂದೆ ಫ್ರೇಮ್, ಅಂದರೆ ಚೌಕಟ್ಟು, ಅಡ್ಡ ಇರುತ್ತದೆ. ಹಾಗಾಗಿ ಕಡ್ಡಿಯನ್ನು ಮುಂದಿನಿಂದಲೇ ತೂರಿಸಬೇಕು. ಉಕ್ಕಿನ ಕಡ್ಡಿ, ಅದಕ್ಕಂಟಿದ ಮರಳಿನ ಕಣ, ಪ್ರತಿ ಸಲ ಅದೇ ಅಂಚಿಗೆ ಉಜ್ಜು. ವರ್ಷಗಟ್ಟಲೆ ಹೀಗಾದರೆ ದುಂಡಗಿನ ಬಾಯಿ ಒಂದು ಕಡೆಗೆ ಸವೆದು ಹೋಗುತ್ತದೆ. ಹಿತ್ತಾಳೆಯ ಕಡ್ಡಿ ಬಳಸಿ, ಪ್ರತಿ ಸಲ ಒರೆಸಿ, ಕಡ್ಡಿ ಅಂಚಿಗೆ ತಾಗದಂತೆ ಬಾಯಿಗೆ ಹಿತ್ತಾಳೆಯದೇ ಒಂದು ಗೈಡ್ ಹಾಕಿಕೊಂಡರೆ ಸಾಕು.

ದಯವಿಟ್ಟು ಮನೆಯಲ್ಲಿ ಅರ ಹಿಡಿಯಬೇಡಿ. ಕೈಯಲ್ಲಿ ಉಜ್ಜಿದ ಅಂಚು ಯಾವತ್ತೂ ನೇರ ಬರುವುದಿಲ್ಲ. ಇದನ್ನು ಲೇತ್‌ನಲ್ಲಿ, ಇಲ್ಲವೇ ಬ್ಯಾರೆಲ್ ಒಳಗೆ ಕೂತು ನೇರ ಹಿಡಿಯುವ ಪೈಲಟ್ ಕಡ್ಡಿ ಇರುವ ಕಟರ್‌ನಲ್ಲಿ ಹೊಸದಾಗಿ ಕೊಯ್ಯಬೇಕು. ಸಾಮಾನ್ಯವಾಗಿ 11 ಡಿಗ್ರಿ ಕೋನ ಕೊಡುತ್ತೇವೆ. ತೆಗೆಯುವ ಲೋಹ ಕೂದಲೆಳೆಯಷ್ಟು.

ಬಿದ್ದ ರಿವಾಲ್ವರ್‌ನಲ್ಲಿ ಸಿಲಿಂಡರ್ ಹಿಡಿದಿರುವ ತೋಳು ಬಾಗಿದೆಯಾ ಅಂತಲೂ ನೋಡಬೇಕು. ಸಿಲಿಂಡರ್‌ಗೂ ಬ್ಯಾರೆಲ್‌ಗೂ ನಡುವಿನ ಸಂದು ಸುಮಾರು 0.1ರಿಂದ 0.2 ಮಿಲಿಮೀಟರ್ ಇರುತ್ತದೆ. ಪ್ರತಿ ಕೋಣೆಯ ಎದುರಿಗೂ ಫೀಲರ್ ಗೇಜ್, ಅಂದರೆ ಸಂದು ಅಳೆಯುವ ತೆಳು ಪಟ್ಟಿ, ಹಾಕಿದರೆ ಗೊತ್ತಾಗುತ್ತದೆ.

ನನಗೆ ನಿಜವಾಗಿ ಭಯವಿರುವುದು ಇನ್ನೊಂದರ ಬಗ್ಗೆ. ಢಮ್ ಅನ್ನಬೇಕಾದ ಗುಂಡು ಟುಸ್ ಅಂದರೆ, ಕೈ ಅಲ್ಲೇ ನಿಲ್ಲಬೇಕು. ಮದ್ದು ಕಡಿಮೆಯಾಗಿ ಗುಂಡು ಬ್ಯಾರೆಲ್‌ನಲ್ಲೇ ಸಿಕ್ಕಿಕೊಂಡಿರಬಹುದು. ತುದಿಯನ್ನು ಸುರಕ್ಷಿತ ದಿಕ್ಕಿಗೇ ಹಿಡಿದು ಅರ್ಧ ನಿಮಿಷ ಕಾಯಿರಿ, ಆಮೇಲೆ ತೆರೆದು ಖಾಲಿ ಮಾಡಿ. ಗುಂಡು ಅರ್ಧ ಸಿಲಿಂಡರ್‌ನಲ್ಲಿ, ಅರ್ಧ ಬ್ಯಾರೆಲ್‌ನಲ್ಲಿ ನಿಂತಿದ್ದರೆ ಸಿಲಿಂಡರ್ ತೆರೆಯುವುದೇ ಇಲ್ಲ. ಆಗ ಬಲ ಹಾಕಬೇಡಿ, ರಿಪೇರಿಯವರನ್ನು ಕರೆಯಿರಿ. ಇನ್ನೊಂದು ಗುಂಡು ಹೊಡೆದು ಅದನ್ನು ತಳ್ಳಿಬಿಡೋಣ ಅನ್ನುವ ಯೋಚನೆಯೇ ಬೇಡ. ಬ್ಯಾರೆಲ್ ಉಬ್ಬುತ್ತದೆ, ಸೀಳಲೂಬಹುದು.

ಉಬ್ಬಿದ ಬ್ಯಾರೆಲ್‌ನ ಒಳಗೆ ಬೆಳಕು ಬಿಟ್ಟು ನೋಡಿದರೆ ಬಳೆಯಂಥ ಕಪ್ಪು ನೆರಳು ಕಾಣುತ್ತದೆ. ಹೊರಗೆ ಬೆರಳಾಡಿಸಿದರೆ ಕೆಲವೊಮ್ಮೆ ಏರು ಸಿಗುತ್ತದೆ, ಕೆಲವೊಮ್ಮೆ ಸಿಗುವುದಿಲ್ಲ. ಆ ಬ್ಯಾರೆಲ್‌ಗೆ ರಿಪೇರಿ ಇಲ್ಲ, ಬದಲಾಯಿಸಲೇಬೇಕು. ಅದಕ್ಕೂ ಫ್ರೇಮ್ ಮತ್ತು ಬ್ಯಾರೆಲ್ ಬಿಗಿಯಾಗಿ ಹಿಡಿಯುವ ಸರಿಯಾದ ಸಾಧನಗಳು ಬೇಕು. ಒಬ್ಬರು ಫ್ರೇಮ್‌ನ ಕಿಂಡಿಗೆ ಸುತ್ತಿಗೆಯ ಹಿಡಿ ತೂರಿಸಿ ತಿರುಗಿಸಿದ್ದರು. ಬ್ಯಾರೆಲ್ ಬಿಚ್ಚಿಕೊಂಡಿತು, ಆದರೆ ಫ್ರೇಮ್ ತಿರುಚಿತು. ಒಂದು ಬ್ಯಾರೆಲ್ ಬದಲಾಯಿಸಲು ಹೋಗಿ ಇಡೀ ರಿವಾಲ್ವರ್ ಕಳೆದುಕೊಂಡರು.

ಟವೆಲ್‌ನವರ ರಿವಾಲ್ವರ್‌ನ ಸಂದು ಸರಿಯಾಗಿತ್ತು. ತುದಿ ಕೊಯ್ದು, ಮತ್ತೆ ಹತ್ತಿ ಎಳೆದೆ. ಒಂದೆಳೆಯೂ ಸಿಕ್ಕಲಿಲ್ಲ. "ಗೀರು?" ಅಂತ ಕೇಳಿದರು. ತುಕ್ಕು ಹಿಡಿಯದಿರಲಿ ಅಂತ ಅದರ ಮೇಲೆ ಒಂದು ಹನಿ ಎಣ್ಣೆ ಸವರಿ, ಹಾಗೆಯೇ ಕೊಟ್ಟು ಕಳಿಸಿದೆ.