ಓದುಗರ ಪ್ರಶ್ನೆ: ಹೊಸ ಪ್ರಾಣಿ ಬಂದು ತಿಂಗಳಾದರೂ ಝೂನವರು ಯಾಕೆ ತೋರಿಸುವುದಿಲ್ಲ?

ಪ್ರಶ್ನೆ: ಒಂದು ಕುಟುಂಬದವರೇ ನಡೆಸುವ ಸಣ್ಣ ಮೃಗಾಲಯಕ್ಕೆ ಆಗಾಗ ಹೋಗುತ್ತೇವೆ. ಮುಂಗುಸಿ ಜಾತಿಯ ಪುಟ್ಟ ಮೀರ್‌ಕ್ಯಾಟ್‌ಗಳೂ ಒಂದು ರೆಡ್ ಪಾಂಡಾವೂ ಬಂದಿವೆ ಎಂದು ಅವರು ಫೋಟೊ ಹಾಕಿ ತಿಂಗಳ ಮೇಲಾಯಿತು. ಹೋಗಿ ನೋಡಿದರೆ ಆವರಣ ಖಾಲಿ. ಪ್ರಾಣಿ ನಿಜವಾಗಿಯೂ ಬಂದಿದ್ದರೆ ತೋರಿಸುವುದಕ್ಕೆ ಏನು ಕಷ್ಟ?

ಉತ್ತರ: ಬಂದಿರುತ್ತವೆ, ಅನುಮಾನ ಬೇಡ. ಜನ ಓಡಾಡದ ಮೂಲೆಯ ಒಂದು ಕಟ್ಟಡದಲ್ಲಿ ಕ್ವಾರಂಟೈನ್‌ನಲ್ಲಿರುತ್ತವೆ. ಸಸ್ತನಿಗಳನ್ನೂ ಹಕ್ಕಿಗಳನ್ನೂ ಸಾಮಾನ್ಯವಾಗಿ ಕನಿಷ್ಠ 30 ದಿನ ಹೀಗೆ ಪ್ರತ್ಯೇಕವಾಗಿ ಇಡುತ್ತಾರೆ. ಕೋತಿ, ಲೀಮರ್‌ಗಳಾದರೆ ಹಲವೆಡೆ 60 ದಿನ, ಹಾವುಗಳಾದರೆ 90 ದಿನ ಇಡುವವರೂ ಇದ್ದಾರೆ. ದೇಶದ ಗಡಿ ದಾಟಿ ಬಂದಿದ್ದರೆ ಆ ದೇಶದ ಕಾನೂನು ಹೇಳಿದಷ್ಟು ದಿನ. ಇದೆಲ್ಲ ಕನಿಷ್ಠ ಲೆಕ್ಕ ಅನ್ನುವುದು ನೆನಪಿರಲಿ. ಬಿಡುವ ದಿನ ಖಚಿತವಾಗುವ ಮೊದಲೇ ಫೋಟೊ ಹಾಕುವುದು ಒಳ್ಳೆಯ ಅಭ್ಯಾಸವೇನಲ್ಲ. ಆದರೆ ಟಿಕೆಟ್ ಹಣದಿಂದಲೇ ಮೇವು, ಸಂಬಳ ಎಲ್ಲ ಹೊಂದಿಸಬೇಕಾದವರಿಗೆ ಆ ಆಸೆ ತಡೆಯುವುದು ಕಷ್ಟ.

ಸರಿ, 30 ದಿನವೇ ಯಾಕೆ? ಪ್ರಾಣಿ ಚುರುಕಾಗಿದೆ, ಚೆನ್ನಾಗಿ ತಿನ್ನುತ್ತಿದೆ, ಕಳಿಸಿದ ಝೂನವರು ಆರೋಗ್ಯ ಪ್ರಮಾಣಪತ್ರವನ್ನೂ ಕೊಟ್ಟಿದ್ದಾರೆ. ಇಷ್ಟು ಸಾಲದೆ ಎಂದರೆ, ಸಾಲದು. ಕರುಳಿನೊಳಗಿನ ಹುಳು ಮೊಟ್ಟೆ ಇಡುವ ಹಂತಕ್ಕೆ ಬರುವವರೆಗೆ ಮಲಪರೀಕ್ಷೆಯಲ್ಲಿ ಅದರ ಸುಳಿವೇ ಸಿಗುವುದಿಲ್ಲ. ಬಲಿತ ಹುಳುವೂ ದಿನಾ ಒಂದೇ ಪ್ರಮಾಣದಲ್ಲಿ ಮೊಟ್ಟೆ ಇಡುವುದಿಲ್ಲ. ಹಾಗಾಗಿ ಒಂದು ಸಲ 'ಏನೂ ಇಲ್ಲ' ಎಂದು ಬಂದ ವರದಿಗೆ ಹೆಚ್ಚು ಬೆಲೆಯಿಲ್ಲ. ವಾರಕ್ಕೊಂದರಂತೆ ಮೂರು ಮಾದರಿ ನೋಡಬೇಕು, ಮೂರೂ ಶುದ್ಧವಾಗಿ ಬರಬೇಕು.

ಪರೀಕ್ಷೆ ಸರಳ. ಎರಡು ಮೂರು ಗ್ರಾಂನಷ್ಟು ತಾಜಾ ಮಲವನ್ನು ಗಾಢವಾದ ಉಪ್ಪಿನ ಅಥವಾ ಸಕ್ಕರೆಯ ದ್ರಾವಣದಲ್ಲಿ ಕದಡಿ, ಸೋಸಿ, ಸಣ್ಣ ನಳಿಕೆಗೆ ಬಾಯಿಮಟ್ಟ ತುಂಬುತ್ತಾರೆ. ಮೇಲೆ ತೆಳುವಾದ ಕವರ್‌ಸ್ಲಿಪ್ ಗಾಜು ಇಟ್ಟು ಹತ್ತು ಹದಿನೈದು ನಿಮಿಷ ಬಿಟ್ಟರೆ ಹಗುರವಾದ ಮೊಟ್ಟೆಗಳು ತೇಲಿ ಬಂದು ಗಾಜಿಗೆ ಅಂಟುತ್ತವೆ. ಆ ಗಾಜನ್ನು ಎತ್ತಿ ಸ್ಲೈಡ್ ಮೇಲಿಟ್ಟು ಸೂಕ್ಷ್ಮದರ್ಶಕದಲ್ಲಿ ನೋಡುವುದು. ಚಪ್ಪಟೆ ಹುಳುಗಳ ಮೊಟ್ಟೆ ಭಾರ, ತೇಲುವುದಿಲ್ಲ. ಅದಕ್ಕೆ ಮಲವನ್ನು ನೀರಿನಲ್ಲಿ ಕದಡಿ ತಳಕ್ಕೆ ಕೂರಿಸಿ ಹುಡುಕುವ ಬೇರೆ ವಿಧಾನವಿದೆ. ಮಾದರಿ ಹಳಸಿದರೆ ಮೊಟ್ಟೆಯೊಡೆದು ಮರಿಹುಳು ಹೊರಬಂದು ಗುರುತಿಸುವುದೇ ಕಷ್ಟವಾಗುತ್ತದೆ. ಬೆಳಗ್ಗೆ ತೆಗೆದ ಮಾದರಿಯನ್ನು ಬೆಳಗ್ಗೆಯೇ ನೋಡಬೇಕು, ಆಗದಿದ್ದರೆ ಫ್ರಿಜ್‌ನಲ್ಲಿಡಬೇಕು. ಹುಳು ಸಿಕ್ಕಿತೋ, ಔಷಧಿ ಕೊಟ್ಟು ಎರಡು ವಾರದ ಹೊತ್ತಿಗೆ ಮತ್ತೆ ಪರೀಕ್ಷೆ. ಮೂರು ಶುದ್ಧ ವರದಿಗಳ ಲೆಕ್ಕ ಅಲ್ಲಿಂದ ಹೊಸದಾಗಿ ಶುರು.

ಕೋತಿಗಳಿಗೆ ಇನ್ನೂ ಹೆಚ್ಚು ದಿನ ಬೇಕಾಗುವುದು ಮುಖ್ಯವಾಗಿ ಕ್ಷಯದಿಂದ. ಮೇಲಿನ ಕಣ್ಣುರೆಪ್ಪೆಯ ಚರ್ಮದೊಳಗೆ 0.1 ಮಿಲಿಲೀಟರ್ ಟ್ಯುಬರ್‌ಕ್ಯುಲಿನ್ (ಕ್ಷಯದ ಬ್ಯಾಕ್ಟೀರಿಯಾದಿಂದ ತೆಗೆದ ಪ್ರೋಟೀನು) ಚುಚ್ಚಿ 24, 48 ಮತ್ತು 72 ಗಂಟೆಗೆ ಊತ ಇದೆಯೇ ಎಂದು ನೋಡುತ್ತಾರೆ. ರೆಪ್ಪೆಗೇ ಚುಚ್ಚುವುದರಲ್ಲಿ ಒಂದು ಜಾಣತನವಿದೆ: ರೆಪ್ಪೆ ಊದಿದರೆ ಸರಳಿನ ಆಚೆಯಿಂದಲೇ ಕಾಣುತ್ತದೆ, ಪ್ರಾಣಿಯನ್ನು ಮತ್ತೆ ಹಿಡಿಯಬೇಕಿಲ್ಲ. ಸೋಂಕು ತಗುಲಿ ಕೆಲವು ವಾರ ಕಳೆಯದೆ ದೇಹ ಈ ಚುಚ್ಚುಮದ್ದಿಗೆ ಸ್ಪಂದಿಸುವುದಿಲ್ಲವಾದ್ದರಿಂದ ಕನಿಷ್ಠ ಎರಡು ವಾರದ ಅಂತರದಲ್ಲಿ ಇದನ್ನು ಮತ್ತೆ ಮತ್ತೆ ಮಾಡುತ್ತಾರೆ.

ಫೋಟೊ ನೋಡಿ ದಿನ ಎಣಿಸುವವರಿಗೆ ಗೊತ್ತಿರದ ಇನ್ನೊಂದು ನಿಯಮವಿದೆ. ಒಂದೇ ಕ್ವಾರಂಟೈನ್ ಕಟ್ಟಡಕ್ಕೆ ನಡುವೆ ಮತ್ತೊಂದು ಪ್ರಾಣಿ ಬಂದರೆ, ಒಳಗಿದ್ದ ಎಲ್ಲವುಗಳ ಲೆಕ್ಕವೂ ಮೊದಲ ದಿನಕ್ಕೆ ಮರಳುತ್ತದೆ. ಮೀರ್‌ಕ್ಯಾಟ್‌ಗಳು 25 ದಿನ ಮುಗಿಸಿದ ಮೇಲೆ ಪಕ್ಕದ ಕೋಣೆಗೆ ರೆಡ್ ಪಾಂಡಾ ಬಂದಿಳಿದರೆ ಮೀರ್‌ಕ್ಯಾಟ್‌ಗಳೂ ಇನ್ನೊಂದು ತಿಂಗಳು ಕೂರಬೇಕು. ದೊಡ್ಡ ಮೃಗಾಲಯಗಳಲ್ಲಿ ಇದಕ್ಕೆಂದೇ ಬೇರೆ ಬೇರೆ ಕಟ್ಟಡಗಳಿರುತ್ತವೆ. ಸಣ್ಣದರಲ್ಲಿ ಇರುವುದು ಒಂದೇ, ಅದೂ ಮೊದಲು ಗೋದಾಮಾಗಿದ್ದದ್ದು. ನಿಮ್ಮ ಝೂನಲ್ಲಿ ಎರಡು ಜಾತಿ ಒಂದರ ಹಿಂದೆ ಒಂದು ಬಂದಿವೆ ಎಂದಾದರೆ ಬಹುಶಃ ಆಗಿರುವುದು ಇದೇ.

ಮನೆಯೂ ಝೂನೂ ಒಂದೇ ಕಾಂಪೌಂಡಿನಲ್ಲಿದ್ದರೆ

ಕುಟುಂಬ ನಡೆಸುವುದೆಂದ ಮಾತ್ರಕ್ಕೆ ಅದು ಸಣ್ಣದೇ ಆಗಬೇಕಿಲ್ಲ. ಹ್ಯಾಂಬರ್ಗ್‌ನ ಹಾಗೆನ್‌ಬೆಕ್ ಕುಟುಂಬದ ಮೃಗಾಲಯ 1907ರದು. ಸ್ಟೀವ್ ಇರ್ವಿನ್ ಹೆಸರಿನಿಂದ ಎಲ್ಲರಿಗೂ ಗೊತ್ತಿರುವ ಆಸ್ಟ್ರೇಲಿಯಾ ಝೂ, ಅವರ ತಂದೆ ತಾಯಿ 1970ರಲ್ಲಿ ಸರೀಸೃಪಗಳ ಪಾರ್ಕ್ ಆಗಿ ಆರಂಭಿಸಿದ್ದು. ಆದರೆ ಇಂಥ ಬಹುಪಾಲು ಝೂಗಳಲ್ಲಿ ಗಂಡ, ಹೆಂಡತಿ, ಮಕ್ಕಳು, ಜತೆಗೆ ನಾಲ್ಕೈದು ಪ್ರಾಣಿಪಾಲಕರು, ವಾರಕ್ಕೊಮ್ಮೆ ಬರುವ ಪಶುವೈದ್ಯರು, ಇಷ್ಟೇ ಜನ. ಬೆಳಗ್ಗೆ ಮೇಕೆಗೆ ಮೇವು ಹಾಕಿದವರೇ ಮಧ್ಯಾಹ್ನ ಕ್ವಾರಂಟೈನ್ ಕೋಣೆ ತೊಳೆಯಬೇಕು. ರೋಗ ಹರಡುವುದು ಹೆಚ್ಚಾಗಿ ಈ ದಾರಿಯಲ್ಲೇ. ಗಾಳಿಗಿಂತ ಬೂಟು, ಬಕೆಟ್, ಪೊರಕೆಗಳ ಮೇಲೆ ಕಣ್ಣಿಡಬೇಕು.

ಪ್ರತ್ಯೇಕ ಸಿಬ್ಬಂದಿ ಇಲ್ಲದ ಕಡೆ ಕೆಲಸದ ಸರದಿಯೇ ಕಾವಲು. ಹಳೆಯ ಪ್ರಾಣಿಗಳು ಮೊದಲು, ಅವುಗಳಲ್ಲೂ ಮರಿಗಳಿರುವ ಆವರಣ ಎಲ್ಲಕ್ಕಿಂತ ಮೊದಲು. ಕ್ವಾರಂಟೈನ್ ದಿನದ ಕಟ್ಟಕಡೆಯ ಕೆಲಸ. ಅದು ಮುಗಿದ ಮೇಲೆ ಸ್ನಾನ ಮಾಡಿ ಬಟ್ಟೆ ಬದಲಿಸದೆ ಯಾವ ಆವರಣಕ್ಕೂ ಹೋಗುವಂತಿಲ್ಲ. ಅಲ್ಲಿಯ ಬೂಟು, ಪೊರಕೆ, ಬಕೆಟ್, ತಟ್ಟೆ ಎಲ್ಲ ಬೇರೆ ಬಣ್ಣದವು, ಬಾಗಿಲು ದಾಟಿ ಹೊರಗೆ ಬರಬಾರದು. ಬಣ್ಣದ ಏರ್ಪಾಡಿನ ಲಾಭವೆಂದರೆ, ಕೆಂಪು ಬಕೆಟ್ ಮೇಕೆ ದೊಡ್ಡಿಯಲ್ಲಿ ಕಂಡ ಕೂಡಲೇ ಯಾರಿಗಾದರೂ ತಿಳಿಯುತ್ತದೆ, ಏನೋ ಎಡವಟ್ಟಾಗಿದೆ ಎಂದು.

ಬಾಗಿಲ ಬಳಿಯ ಕಾಲು ಅದ್ದುವ ತೊಟ್ಟಿಯ ಮೇಲೆ ಜನರಿಗೆ ಇಲ್ಲದ ನಂಬಿಕೆ. ಸಗಣಿ ಮೆತ್ತಿದ ಬೂಟನ್ನು ಬ್ಲೀಚ್ ನೀರಿನಲ್ಲಿ ಒಮ್ಮೆ ಅದ್ದಿ ತೆಗೆದರೆ ಏನೂ ಸಾಯುವುದಿಲ್ಲ, ಕೊಳೆಯೇ ಕ್ಲೋರಿನ್ನನ್ನು ತಿಂದುಬಿಡುತ್ತದೆ. ಮೊದಲು ಬ್ರಷ್‌ನಿಂದ ತಿಕ್ಕಿ ತೊಳೆಯಬೇಕು, ಆಮೇಲೆ ಅದ್ದಬೇಕು, ತೊಟ್ಟಿಯ ನೀರು ದಿನಾ ಬದಲಾಗಬೇಕು. ನೆಲಕ್ಕಾದರೆ ಮನೆಬಳಕೆಯ ಬ್ಲೀಚ್ ಒಂದು ಭಾಗಕ್ಕೆ ಸುಮಾರು 30 ಭಾಗ ನೀರು. ಹಾಕಿದ ಮೇಲೆ ನೆಲ ಹತ್ತು ನಿಮಿಷ ಒದ್ದೆಯಾಗಿಯೇ ಇರಬೇಕು. ಇಷ್ಟು ಮಾಡಿದರೂ ದುಂಡು ಹುಳುವಿನ ಮೊಟ್ಟೆಗೂ ಕಾಕ್ಸಿಡಿಯಾ ಎಂಬ ಕರುಳಿನ ಸೂಕ್ಷ್ಮ ಪರಾವಲಂಬಿಗೂ ಬ್ಲೀಚ್ ನಾಟುವುದಿಲ್ಲ. ಅವಕ್ಕೆ ಹಬೆ ಅಥವಾ ಕುದಿಯುವ ನೀರೇ ಮದ್ದು.

ಮನೆಯ ನಾಯಿ, ಬೆಕ್ಕುಗಳ ವಿಷಯ ಇನ್ನೂ ಸೂಕ್ಷ್ಮ. ನಾಯಿಗಳ ಡಿಸ್ಟೆಂಪರ್ ರೋಗ ರೆಡ್ ಪಾಂಡಾಕ್ಕೆ ಬಂದರೆ ಉಳಿಯುವುದು ಅನುಮಾನ. ನಾಯಿಗೆ ಹಾಕುವ ಲಸಿಕೆಯನ್ನೇ ಇದಕ್ಕೂ ಹಾಕಿಬಿಡೋಣ ಎಂದರೆ ಅದು ಇನ್ನೂ ದೊಡ್ಡ ಅಪಾಯ: ದುರ್ಬಲಗೊಳಿಸಿದ ಜೀವಂತ ವೈರಸ್ ಇರುವ ಆ ಲಸಿಕೆಯಿಂದಲೇ ರೆಡ್ ಪಾಂಡಾಗಳಿಗೆ ಡಿಸ್ಟೆಂಪರ್ ಬಂದು ಸತ್ತದ್ದಿದೆ. ಡಿಸ್ಟೆಂಪರ್‌ನ ಜೀವಂತ ವೈರಸ್ ಇಲ್ಲದ, ಕ್ಯಾನರಿಪಾಕ್ಸ್ ಎಂಬ ಹಕ್ಕಿಗಳ ವೈರಸ್ ಆಧಾರಿತ ಲಸಿಕೆಯನ್ನೇ ಕೊಡಬೇಕು. ಬೆಕ್ಕಿನಿಂದ ಅಪಾಯ ಮೀರ್‌ಕ್ಯಾಟ್‌ಗಳಿಗೆ, ಲೀಮರ್‌ಗಳಿಗೆ. ಬೆಕ್ಕಿನ ಮಲದಲ್ಲಿ ಬರುವ ಟಾಕ್ಸೊಪ್ಲಾಸ್ಮಾ ಎಂಬ ಸೂಕ್ಷ್ಮ ಪರಾವಲಂಬಿ ಇವುಗಳಿಗೆ ಮಾರಕವಾಗಬಲ್ಲದು. ಮೀರ್‌ಕ್ಯಾಟ್ ಆವರಣಕ್ಕೆಂದು ತರಿಸಿದ ಮರಳಿನ ರಾಶಿ ಬೆಕ್ಕಿಗೆ ಎಷ್ಟು ಇಷ್ಟವೆಂದು ಬೇರೆ ಹೇಳಬೇಕೆ? ರಾಶಿ ಬಿದ್ದ ದಿನದಿಂದಲೇ ಟಾರ್ಪಾಲ್ ಮುಚ್ಚಿಡಬೇಕು, ಹುಲ್ಲಿನ ಮೆದೆಗೂ ಬೆಕ್ಕು ಹತ್ತದಂತೆ ಬಾಗಿಲಿರಬೇಕು. ಮನುಷ್ಯರೂ ಹೊರತಲ್ಲ. ತುಟಿಯ ಮೇಲೆ ಜ್ವರದ ಗುಳ್ಳೆ ಎದ್ದವರು ಮಾರ್ಮೊಸೆಟ್ ಕೋತಿಗಳ ಹತ್ತಿರ ಹೋಗಬಾರದು. ನಮಗೆ ನಾಲ್ಕು ದಿನದ ಕಿರಿಕಿರಿಯಾದ ಆ ವೈರಸ್ ಅವುಗಳ ಪ್ರಾಣ ತೆಗೆಯುತ್ತದೆ.

ಬಂದಿಳಿದ ದಿನ ಮತ್ತು ಮುಂದಿನ ವಾರಗಳು

ಪ್ರಾಣಿ ಬರುವ ಮೊದಲೇ ಕೋಣೆಯಲ್ಲಿ ನೀರು, ಒಣ ಹಾಸು, ಅಡಗಲು ಗೂಡು ಸಿದ್ಧವಿರಬೇಕು. ಕ್ರೇಟನ್ನು ಕೋಣೆಯ ಬಾಗಿಲಿಗೆ ಒತ್ತಿ ನಿಲ್ಲಿಸಿ ಪಟ್ಟಿಯಿಂದ ಬಿಗಿಯಾಗಿ ಕಟ್ಟಬೇಕು. ಕಟ್ಟದೆ ಬಿಟ್ಟರೆ ಪ್ರಾಣಿ ಮುನ್ನುಗ್ಗುವ ರಭಸಕ್ಕೆ ಕ್ರೇಟ್ ಹಿಂದೆ ಸರಿದು ನಡುವೆ ಸಂದಿ ಬಿಡುತ್ತದೆ, ತಪ್ಪಿಸಿಕೊಳ್ಳುವುದು ಅಲ್ಲೇ. ಗೊರಸಿನ ಪ್ರಾಣಿಗಳಾದರೆ ಕೋಣೆಯಲ್ಲಿ ಬೆಳಕಿರಲಿ, ಕತ್ತಲ ಕ್ರೇಟ್‌ನಿಂದ ಅವು ಬೆಳಕಿನತ್ತ ನಡೆಯುತ್ತವೆ. ಬಾಗಿಲು ತೆಗೆದ ಮೇಲೆ ಎಲ್ಲರೂ ಅಲ್ಲಿಂದ ಸರಿಯಬೇಕು. ಹೊರಬರಲು ಒಂದು ಗಂಟೆ ಹಿಡಿದರೂ ಕೋಲಿನಿಂದ ತಿವಿಯಬಾರದು, ಕ್ರೇಟ್ ಎತ್ತಿ ಸುರಿಯಬಾರದು. ಜಿಂಕೆ, ಜೀಬ್ರಾ, ಕಾಂಗರೂ ಬಳಗದ ವಾಲಬಿಯಂಥವನ್ನು ಆ ಸ್ಥಿತಿಯಲ್ಲಿ ಬೆದರಿಸಿದರೆ ಸ್ನಾಯುಗಳೇ ಹಾಳಾಗಿ, ಅದರಿಂದ ರಕ್ತಕ್ಕೆ ಸೇರುವ ವಸ್ತುಗಳು ಮೂತ್ರಪಿಂಡವನ್ನು ಕೆಡಿಸುತ್ತವೆ. ಕೆಲವೊಮ್ಮೆ ಪ್ರಾಣಿ ಸಾಯುವುದು ಅದೇ ದಿನವಲ್ಲ, ಒಂದೆರಡು ವಾರ ಕಳೆದ ಮೇಲೆ.

ತೂಕಕ್ಕೆ ಪ್ರಾಣಿಯನ್ನು ಹಿಡಿಯುವ ಅಗತ್ಯವೇ ಇಲ್ಲ. ಪ್ರಾಣಿಯ ಸಮೇತ ಕ್ರೇಟ್ ತೂಗಿ, ಇಳಿಸಿದ ಮೇಲೆ ಖಾಲಿ ಕ್ರೇಟ್ ತೂಗಿ ಕಳೆದರಾಯಿತು. ಲದ್ದಿ, ಒದ್ದೆ ಹಾಸು ಕ್ರೇಟ್‌ನಲ್ಲೇ ಉಳಿದಿದ್ದಾಗಲೇ ಎರಡನೆಯ ತೂಕ ಆಗಬೇಕು, ಗುಡಿಸಿ ತೂಗಿದರೆ ಲೆಕ್ಕ ತಪ್ಪುತ್ತದೆ. ಮೈಕ್ರೊಚಿಪ್‌ನ 15 ಅಂಕಿಗಳನ್ನು ಕಾಗದದ ಜತೆ ಹೋಲಿಸುವುದನ್ನು ಕಳಿಸುವ ಮುನ್ನವೇ ಮಾಡಿರಬೇಕು. ರೆಡ್ ಪಾಂಡಾ ವಿಷಯದಲ್ಲಂತೂ ಇದರಲ್ಲಿ ರಾಜಿಯಿಲ್ಲ: ಅದು ವನ್ಯಜೀವಿಗಳ ಅಂತರರಾಷ್ಟ್ರೀಯ ವ್ಯಾಪಾರವನ್ನು ನಿಯಂತ್ರಿಸುವ ಸೈಟಿಸ್ ಒಪ್ಪಂದದ ಮೊದಲ ಅನುಬಂಧದಲ್ಲಿರುವ ಪ್ರಾಣಿ, ಯಾವುದು ಎಲ್ಲಿಗೆ ಹೋಗಿ ಯಾವುದರ ಜತೆಗೂಡಬೇಕೆಂಬ ಸಲಹೆ ವಂಶಾವಳಿ ನೋಡಿಕೊಳ್ಳುವವರಿಂದ ಬರುತ್ತದೆ. ಒಂದು ಅಂಕಿ ತಪ್ಪಿದರೂ ಅಣ್ಣ ತಂಗಿಯನ್ನೇ ಜೋಡಿ ಮಾಡಿಬಿಡುವ ಅಪಾಯವಿದೆ.

ಮೊದಲ ಹತ್ತು ದಿನ ಹಳೆಯ ಝೂನ ಆಹಾರವನ್ನೇ, ಅದೇ ಹೊತ್ತಿಗೆ ಕೊಡಬೇಕು. ಆಮೇಲೆ ಕಾಲು ಭಾಗದಷ್ಟೇ ಬದಲಿಸಿ, ಮಲ ಗಟ್ಟಿಯಾಗಿದ್ದರೆ ಮುಂದಿನ ಕಾಲು ಭಾಗ. ಮೆಲುಕು ಹಾಕುವ ಪ್ರಾಣಿಗಳಲ್ಲಿ ಜಠರದ ಸೂಕ್ಷ್ಮಜೀವಿಗಳು ಹೊಸ ಮೇವಿಗೆ ಒಗ್ಗಲು ಎರಡು ಮೂರು ವಾರ ಬೇಕು. ಅಕ್ಕರೆಗೆಂದು ಮೊದಲ ದಿನವೇ ಬುಟ್ಟಿ ತುಂಬ ಹಣ್ಣು ಸುರಿದರೆ ಭೇದಿ ಶುರುವಾಗುತ್ತದೆ, ಅದು ಸೋಂಕಿನದೋ ಹಣ್ಣಿನದೋ ಎಂದು ತಿಳಿಯದೆ ಪಶುವೈದ್ಯರು ತಲೆ ಚಚ್ಚಿಕೊಳ್ಳಬೇಕು. ದಿನಾ ಕೊಟ್ಟದ್ದನ್ನೂ ಉಳಿದದ್ದನ್ನೂ ತೂಗಿ ಬರೆದಿಟ್ಟರೆ ಕಾಯಿಲೆಯ ಮೊದಲ ಸುಳಿವು ಆ ಪುಸ್ತಕದಲ್ಲೇ ಸಿಗುತ್ತದೆ. ಕಾಡುಪ್ರಾಣಿ ತನ್ನ ಕಾಯಿಲೆಯನ್ನು ಮುಖದಲ್ಲಿ ತೋರಿಸುವುದಿಲ್ಲ.

ಕ್ವಾರಂಟೈನ್ ಮುಗಿದರೆ ಎಲ್ಲ ಮುಗಿಯಿತೆಂದಲ್ಲ. ಮೀರ್‌ಕ್ಯಾಟ್‌ಗಳು ತೋಡುವ ಪ್ರಾಣಿ. ಗೋಡೆಯ ತಳಪಾಯ ಒಂದು ಮೀಟರ್‌ಗೂ ಆಳಕ್ಕೆ ಹೋಗಿರಬೇಕು ಅಥವಾ ಮಣ್ಣಿನಡಿ ಜಾಲರಿಯೋ ಕಾಂಕ್ರೀಟೋ ಇರಬೇಕು. ಹಳೆಯ ಗುಂಪಿಗೆ ಹೊಸ ಮೀರ್‌ಕ್ಯಾಟ್ ಒಂದನ್ನು ಸೇರಿಸಲು ಹೋದರೆ ಕಚ್ಚಿ ಸಾಯಿಸಿಬಿಡಬಹುದು. ಚಿಕಿತ್ಸೆಗೆಂದು ಕೆಲವು ದಿನ ಹೊರಗಿಟ್ಟ ತಮ್ಮದೇ ಸದಸ್ಯನನ್ನೂ ಗುಂಪು ಒಲ್ಲೆ ಅನ್ನುವುದುಂಟು. ಅದಕ್ಕೇ ತಿಳಿದವರು ಮೊದಲೇ ಒಗ್ಗಿದ ಗುಂಪನ್ನು ಇಡಿಯಾಗಿ ತರುತ್ತಾರೆ. ರೆಡ್ ಪಾಂಡಾಕ್ಕೆ ಸೆಕೆಯೇ ಶತ್ರು. 25 ಡಿಗ್ರಿ ದಾಟಿದರೆ ಅದಕ್ಕೆ ನೆರಳು, ತಂಪಾದ ಒಳಮನೆ ಬೇಕೇ ಬೇಕು. ಬಿಸಿಲು ಕಾಲದಲ್ಲಿ ಬಿಡುಗಡೆಯನ್ನೇ ಮುಂದೂಡುವುದು ವಾಸಿ.

ಯಾವ ಪ್ರಾಣಿಯನ್ನಾದರೂ ಹೊಸ ಆವರಣಕ್ಕೆ ಬಿಡುವುದು ಬೆಳಗ್ಗೆ, ಅದೂ ಅರೆಹೊಟ್ಟೆಯಲ್ಲಿ. ಸಂಜೆ ಒಳಮನೆಯಲ್ಲಿ ಊಟ ಸಿಗುತ್ತದೆಂದು ಮೊದಲೇ ರೂಢಿಯಾಗಿದ್ದರೆ ಕತ್ತಲಾಗುವ ಮೊದಲು ತಾನಾಗಿ ಒಳಗೆ ಬರುತ್ತದೆ. ಮೊದಲ ದಿನಗಳಲ್ಲಿ ತಂತಿಬೇಲಿಗೆ ಬಟ್ಟೆ ಕಟ್ಟುತ್ತಾರೆ. ಗಾಬರಿಯಲ್ಲಿ ಓಡುವ ಪ್ರಾಣಿಗೆ ತಂತಿ ಕಾಣುವುದಿಲ್ಲ, ಬಟ್ಟೆ ಕಾಣುತ್ತದೆ. ನೀವು ನೋಡಿದ ಖಾಲಿ ಆವರಣದಲ್ಲಿ ಬೇಲಿಗೆ ಬಟ್ಟೆ ಇತ್ತೇ? ಇದ್ದರೆ ಬಿಡುಗಡೆ ಹತ್ತಿರದಲ್ಲಿದೆ.

ಮುಂದಿನ ಸಲ ಫೋನ್ ಮಾಡಿದಾಗ 'ಯಾವತ್ತು ತೋರಿಸುತ್ತೀರಿ' ಎಂದು ಕೇಳಬೇಡಿ, ಆ ಪ್ರಶ್ನೆಗೆ ಅವರಲ್ಲೂ ಉತ್ತರವಿರುವುದಿಲ್ಲ. ಮೂರನೆಯ ಮಲಪರೀಕ್ಷೆ ಯಾವಾಗ ಎಂದು ಕೇಳಿ. ಆ ದಿನಕ್ಕೆ ಎರಡು ವಾರ ಸೇರಿಸಿಕೊಂಡು ಹೊರಡಿ. ಮೀರ್‌ಕ್ಯಾಟ್‌ಗಳಿಗಾದರೆ ಬಿಸಿಲು ಬಿದ್ದ ಮೇಲೆ ಹೋದರೆ ಸಾಕು. ರೆಡ್ ಪಾಂಡಾ ನೋಡಬೇಕೆಂದರೆ ಗೇಟು ತೆಗೆಯುವ ಹೊತ್ತಿಗೇ ಹೋಗಿ, ಆಮೇಲೆ ಅದು ಕೊಂಬೆಯ ಮೇಲೆ ಮಲಗಿಬಿಡುತ್ತದೆ.