ಕರ್ತೃಪದಕ್ಕೆ ಗೆರೆ ಎಳೆಯಿರಿ

ಸಮಾಜ ವಿಜ್ಞಾನ ಶಿಕ್ಷಕರ ತರಬೇತಿಯಲ್ಲಿ ನಾನು ಮೊದಲು ಕೊಡುವುದು ಒಂದು ಖಾಲಿ ಹಾಳೆ. "1948ರಲ್ಲಿ ನಮ್ಮ ಭಾಗದಲ್ಲಿ ಏನಾಯಿತು? ಐದು ವಾಕ್ಯ ಬರೆಯಿರಿ" ಎನ್ನುತ್ತೇನೆ. ಕೊಪ್ಪಳ ಜಿಲ್ಲೆಯ ಶಿಕ್ಷಕರಿಗೆ ಇದು ಕಷ್ಟದ ಪ್ರಶ್ನೆಯೇನಲ್ಲ. ನಿಜಾಮರ ಆಳ್ವಿಕೆ ಮುಗಿದ ನೆನಪಿಗೆ ಪ್ರತಿ ಸೆಪ್ಟೆಂಬರ್ 17ಕ್ಕೆ ಶಾಲೆಯಲ್ಲಿ ಧ್ವಜ ಏರಿಸಿ ಭಾಷಣ ಮಾಡುವವರು ಅವರೇ ಅಲ್ವಾ? ಹತ್ತು ನಿಮಿಷದಲ್ಲಿ ಬರೆದು ಮುಗಿಸುತ್ತಾರೆ. ಆಗ ಹೇಳುತ್ತೇನೆ: "ಈಗ ಪ್ರತಿ ವಾಕ್ಯದ ಕರ್ತೃಪದದ ಕೆಳಗೆ ಗೆರೆ ಎಳೆಯಿರಿ."

ಕನ್ನಡ ಮಾಸ್ತರರ ಕೆಲಸ ನಮಗ್ಯಾಕೆ ಎಂದು ಕೆಲವರು ನಗುತ್ತಾರೆ. ಮೂರನೇ ವಾಕ್ಯಕ್ಕೆ ಬರುವಷ್ಟರಲ್ಲಿ ಪೆನ್ನು ನಿಧಾನವಾಗುತ್ತದೆ.

ಹಾಳೆಗಳಲ್ಲಿ ಎರಡು ಬಗೆಯ ತಪ್ಪು ಮತ್ತೆ ಮತ್ತೆ ಕಾಣುತ್ತದೆ. ಒಂದರಲ್ಲಿ ಕರ್ತೃಪದ ತೀರಾ ದೊಡ್ಡದು: "ಮುಸ್ಲಿಮರು ಹಳ್ಳಿಗಳನ್ನು ಲೂಟಿ ಮಾಡಿದರು." ಇನ್ನೊಂದರಲ್ಲಿ ಮನುಷ್ಯರೇ ಇಲ್ಲ: "ಆಮೇಲೆ ಸ್ವಲ್ಪ ಗಲಭೆ ಆಯಿತು." ಗಲಭೆ ಎಂಬ ಪದಕ್ಕೆ ಗೆರೆ ಎಳೆದು ಕೊಡುತ್ತಾರೆ. ವ್ಯಾಕರಣಕ್ಕೆ ಅದು ಸರಿ. ಆದರೆ ಮಳೆ ಆದ ಹಾಗೆ ಗಲಭೆ ಆಗುವುದಿಲ್ಲ.

ಮೊದಲ ತಪ್ಪನ್ನು ನಾನೇ ಮಾಡಿದ್ದೇನೆ. ತರಬೇತಿಗೆ ಬರುವ ಮೊದಲು ನಾನೂ ಪ್ರೌಢಶಾಲೆಯಲ್ಲಿ ಪಾಠ ಮಾಡುತ್ತಿದ್ದೆ. ಒಂದು ವರ್ಷ ಈ ಪಾಠದ ನೋಟ್ಸ್ ಬರೆಸಿದೆ, ಅವಸರದಲ್ಲಿ. ಮರುದಿನ ಹಾಜರಿ ಸಂಖ್ಯೆ ಹಿಡಿದು ಒಬ್ಬೊಬ್ಬರಿಂದ ಓದಿಸಿದೆ. ಒಬ್ಬ ಹುಡುಗಿಯ ಸರದಿ ಬಂತು. ನಾನು ಬರೆಸಿದ್ದ ವಾಕ್ಯದಲ್ಲಿ "ಮುಸ್ಲಿಮರು" ಎಂದಿತ್ತು. ಅವಳು "ಅವರು" ಎಂದು ಓದಿದಳು. ತಡವರಿಸಲಿಲ್ಲ, ತಲೆ ಎತ್ತಲಿಲ್ಲ, ಪದ ಬದಲಿಸಿ ಮುಂದೆ ಹೋದಳು. ಮನೆಯಲ್ಲಿ ತನ್ನ ಅಪ್ಪ, ಅಜ್ಜ ಎಲ್ಲರೂ ಆ ಪದದೊಳಗೆ ಇದ್ದಾರೆ ಎಂದು ಅವಳಿಗೆ ಗೊತ್ತಿತ್ತು. ನನ್ನ ವಾಕ್ಯವನ್ನು 14 ವರ್ಷದ ಮಗು ತಿದ್ದಬೇಕಾಯಿತು. ಈಗಲೂ ಆ ದಿನ ನೆನೆದರೆ ನನಗೆ ಸಂಕಟವಾಗುತ್ತದೆ.

ಹಾಗಂತ ಪಾಠವನ್ನೇ ತೇಲಿಸಿಬಿಡುವುದು ಉತ್ತರವಲ್ಲ. ಒಂದು ತರಬೇತಿಯಲ್ಲಿ ಯಲಬುರ್ಗಾ ಕಡೆಯ ಶಿಕ್ಷಕರೊಬ್ಬರು ಎದ್ದು ನಿಂತು ಕೇಳಿದರು: "ಮೇಡಂರಿ, ನಮ್ಮಜ್ಜನ ಮನಿ ಸುಟ್ಟಾರ. ಅದನ್ನ ನಾ ಯಾಕ ಮುಚ್ಚಿಡಬೇಕ್ರಿ?" ಮುಚ್ಚಿಡಬಾರದು. ಯಾರು ಸುಟ್ಟರು ಎಂದು ಇನ್ನೂ ಸರಿಯಾಗಿ ಹೇಳಬೇಕು ಎಂದೆ. ಆ ಇಡೀ ಮಧ್ಯಾಹ್ನ ನಾವು ಮಾಡಿದ್ದು ಅದನ್ನೇ.

1947ರ ಆಗಸ್ಟ್ 15ರಂದು ತುಂಗಭದ್ರೆಯ ಆಚೆ ದಂಡೆಯ ಹೊಸಪೇಟೆಯಲ್ಲಿ ತ್ರಿವರ್ಣ ಧ್ವಜ ಹಾರಿತು. ಅದು ಮದ್ರಾಸ್ ಪ್ರಾಂತ್ಯ. ಈಚೆ ದಂಡೆಯ ಮುನಿರಾಬಾದ್, ಕೊಪ್ಪಳ, ರಾಯಚೂರು ಹೈದರಾಬಾದ್ ನಿಜಾಮ ಮೀರ್ ಉಸ್ಮಾನ್ ಅಲಿ ಖಾನರ ಆಳ್ವಿಕೆಯಲ್ಲೇ ಉಳಿದವು. ಒಂದೇ ಹೊಳೆ, 13 ತಿಂಗಳ ಅಂತರ. ಈ ನಡುವಿನ ಕಾಲವೇ ಹಿರಿಯರು ಹೇಳುವ ರಜಾಕಾರರ ಹಾವಳಿ. ರಜಾಕಾರ ಎಂದರೆ ಸ್ವಯಂಸೇವಕ ಎಂದರ್ಥ. ಅದೊಂದು ಧರ್ಮದ ಹೆಸರಲ್ಲ, ಒಂದು ಪಡೆಯ ಹೆಸರು. ಇತ್ತೆಹಾದುಲ್ ಮುಸ್ಲಿಮೀನ್ ಎಂಬ ಸಂಘಟನೆ ಕಟ್ಟಿದ ಪಡೆ. ನಾಯಕ ಖಾಸಿಂ ರಜ್ವಿ. ನಿಜಾಮ ಸರ್ಕಾರ ಅದನ್ನು ತಡೆಯಲಿಲ್ಲ. ಬೀದರ್ ಜಿಲ್ಲೆಯ ಗೋರ್ಟಾದಲ್ಲಿ 1948ರ ಮೇ ತಿಂಗಳಲ್ಲಿ ಹತ್ಯಾಕಾಂಡ ನಡೆಸಿದ್ದು ಈ ಪಡೆ. ನಮ್ಮ ಕಡೆಯ ಹೋರಾಟಗಾರರು ಗಡಿ ದಾಟಿ ಮುಂಡರಗಿಯಲ್ಲಿ ಶಿಬಿರ ಹಾಕಿದರು. ಅಳವಂಡಿ ಶಿವಮೂರ್ತಿ ಸ್ವಾಮಿಗಳು ಅದರ ಮುಂದಾಳು.

ಇಷ್ಟು ಹೇಳಿ ಶೋಯಬುಲ್ಲಾ ಖಾನರ ಹೆಸರು ಬರೆಯುತ್ತೇನೆ. ತರಬೇತಿಗೆ ಬಂದವರಲ್ಲಿ ಹೆಚ್ಚಿನವರು ಈ ಹೆಸರು ಕೇಳಿರುವುದಿಲ್ಲ. ಹೈದರಾಬಾದಿನ 'ಇಮ್ರೋಜ್' ಎಂಬ ಉರ್ದು ಪತ್ರಿಕೆಯ ತರುಣ ಸಂಪಾದಕ. ರಜಾಕಾರರ ವಿರುದ್ಧ, ಭಾರತಕ್ಕೆ ಸೇರಬೇಕು ಎಂದು ಬರೆದರು. 1948ರ ಆಗಸ್ಟ್‌ನಲ್ಲಿ ಅವರನ್ನು ಕೊಂದರು. ಈ ಒಂದು ಹೆಸರು ಬೋರ್ಡಿನ ಮೇಲೆ ಬಂದರೆ "ಮುಸ್ಲಿಮರು ಮಾಡಿದರು" ಎಂಬ ವಾಕ್ಯ ನಿಲ್ಲುವುದಿಲ್ಲ. ಅವರನ್ನು ಹೇಗೆ ಕೊಂದರು ಎಂಬ ವಿವರ ಬಹಳ ಕ್ರೂರವಾದದ್ದು. ಶಿಕ್ಷಕರಿಗೆ ಹೇಳುತ್ತೇನೆ, ಮಕ್ಕಳಿಗೆ ಹೇಳಬೇಡಿ ಎನ್ನುತ್ತೇನೆ. ರಕ್ತದ ವಿವರ ಹೇಳಿದರೆ ಮಕ್ಕಳಿಗೆ ಅದೊಂದೇ ನೆನಪಿರುತ್ತದೆ, ಅವರು ಏನು ಬರೆದಿದ್ದರು ಎಂಬುದು ಮರೆತುಹೋಗುತ್ತದೆ.

ಎರಡನೇ ತಪ್ಪು ಇನ್ನೂ ಗಟ್ಟಿ. ಸೆಪ್ಟೆಂಬರ್ 13ಕ್ಕೆ ಭಾರತೀಯ ಸೇನೆ ಒಳಗೆ ಬಂತು, 17ಕ್ಕೆ ನಿಜಾಮರು ಶರಣಾದರು. ಭಾಷಣಗಳು ಇಲ್ಲಿಗೆ ಮುಗಿಯುತ್ತವೆ. ಮುಂದಿನ ವಾರಗಳಲ್ಲಿ ರಜಾಕಾರರಲ್ಲದ ಸಾವಿರಾರು ಮುಸ್ಲಿಮರನ್ನು ಕೊಂದರು. ಕೇಂದ್ರ ಸರ್ಕಾರ ಪಂಡಿತ್ ಸುಂದರಲಾಲ್ ನೇತೃತ್ವದ ತಂಡವನ್ನು ಕಳಿಸಿತು. ಕಡಿಮೆ ಲೆಕ್ಕ ಹಿಡಿದರೂ 27,000ದಿಂದ 40,000 ಜನ ಸತ್ತಿರಬಹುದು ಎಂದಿತು ಆ ತಂಡ. ಉಸ್ಮಾನಾಬಾದ್, ಗುಲ್ಬರ್ಗಾ, ಬೀದರ್, ನಾಂದೇಡ್ ಜಿಲ್ಲೆಗಳಲ್ಲಿ ಅತಿ ಹೆಚ್ಚು. ಕೆಲವು ಕಡೆ ಸೇನೆ, ಪೊಲೀಸರಿಗೆ ಸೇರಿದವರೂ ಇದರಲ್ಲಿ ಇದ್ದರು ಎಂದಿತು. ಸರ್ಕಾರ ಆ ವರದಿಯನ್ನು ಪ್ರಕಟಿಸಲಿಲ್ಲ. ದಶಕಗಳ ಕಾಲ ಅದು ಜನರಿಗೆ ಸಿಗಲಿಲ್ಲ. ಸಂಖ್ಯೆಯ ಬಗ್ಗೆ ವಾದ ಇದೆ, ಆ ವಾದ ಇದೆ ಎಂಬುದನ್ನೂ ಹತ್ತನೇ ತರಗತಿಗೆ ಹೇಳಬಹುದು.

ಇಲ್ಲಿಯೂ ಅದೇ ನಿಯಮ. "ಹಿಂದೂಗಳು ಕೊಂದರು" ಎಂದು ಬರೆದರೆ ನನ್ನ ಹಳೆಯ ತಪ್ಪೇ ತಿರುಗಿ ನಿಂತ ಹಾಗೆ. ಅದೇ ವರದಿಯಲ್ಲಿ ಇನ್ನೊಂದು ಮಾತಿದೆ. ಒಂದು ಕಡೆ ಹಿಂದೂ ನೇಕಾರರು ಮುಸ್ಲಿಂ ನೇಕಾರರನ್ನು ಕಾಪಾಡಲು ಅಡ್ಡ ನಿಂತರು. ಹಾಗೆ ನಿಂತವರಲ್ಲಿ ಕೆಲವರು ಪ್ರಾಣ ಕಳೆದುಕೊಂಡರು. ಕೊಪ್ಪಳದ ಪಕ್ಕದ ಭಾಗ್ಯನಗರದಲ್ಲಿ ಮಗ್ಗದ ಸದ್ದು ಕೇಳಿ ಬೆಳೆದ ಮಕ್ಕಳಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಮನೆಗೆಲಸದ ಬಗ್ಗೆ ಒಂದು ಮಾತು. "ರಜಾಕಾರರ ಬಗ್ಗೆ ಅಜ್ಜಿಯನ್ನು ಕೇಳಿ ಬನ್ನಿ" ಎಂದು ಸುಮ್ನೆ ಕಳಿಸಬೇಡಿ. ಕೆಲವು ಮನೆಗಳಲ್ಲಿ 70 ವರ್ಷದಿಂದ ಯಾರೂ ಬಾಯಿ ಬಿಟ್ಟಿರುವುದಿಲ್ಲ. ಮಗುವಿನ ಮುಂದೆ ಮೊದಲ ಸಲ ಬಿಚ್ಚಿಕೊಂಡರೆ ಆ ಭಾರ ಮಗುವಿನ ಮೇಲೆ. ಬದಲಿಗೆ ಹೀಗೆ ಕೇಳಿಸಿ: ಆಗ ನಮ್ಮ ಮನೆಯವರು ಯಾವ ಊರಲ್ಲಿದ್ದರು? ಸಂತೆಯಲ್ಲಿ ಯಾವ ದುಡ್ಡು ನಡೆಯುತ್ತಿತ್ತು? ಶಾಲೆ ಯಾವ ಭಾಷೆಯಲ್ಲಿತ್ತು? ನಿಜಾಮರ ನಾಣ್ಯವಾದ ಹಾಲಿ ಸಿಕ್ಕಾ ಇಟ್ಟುಕೊಂಡ ಮನೆಗಳು ಇನ್ನೂ ಇವೆ. ಟ್ರಂಕಿನಲ್ಲಿ ಹೊಲದ ಉರ್ದು ಕಾಗದಗಳಿವೆ. ಅದನ್ನು ಓದಿಸಲು ಊರಿನ ಉರ್ದು ಬಲ್ಲ ಹಿರಿಯರ ಮನೆಗೇ ಹೋಗಬೇಕು. 1948ರಲ್ಲಿ ಹತ್ತು ವರ್ಷದವರಾಗಿದ್ದವರಿಗೆ ಈಗ 85 ದಾಟಿದೆ. ತಡ ಮಾಡುವ ಹಾಗಿಲ್ಲ.

ಅಜ್ಜನ ಮನೆಯ ಮಾತು ಹೇಳಿದ ಶಿಕ್ಷಕರು ಸಂಜೆ ಹಾಳೆ ತಂದು ತೋರಿಸಿದರು. "ಅವರು ನಮ್ಮ ಅಜ್ಜನ ಮನೆ ಸುಟ್ಟರು" ಎಂಬುದನ್ನು ಹೊಡೆದುಹಾಕಿ "ರಜಾಕಾರ ಪಡೆಯವರು ನಮ್ಮ ಅಜ್ಜನ ಮನೆ ಸುಟ್ಟರು" ಎಂದು ಬರೆದಿದ್ದರು. ಆಮೇಲೆ ದನಿ ತಗ್ಗಿಸಿ ಕೇಳಿದರು: "ಅದ್ರಾಗ ನಮ್ಮೂರವನೂ ಒಬ್ಬಾಂವ ಇದ್ದ. ಹೆಸರು ಗೊತ್ತೈತ್ರಿ. ಕರ್ತೃಪದ ಸರಿಯಾಗಿ ಬರೀರಿ ಅಂತೀರಿ, ಅವನ ಹೆಸರ ಬರೀಲೇನ್ರಿ? ಅವನ ಮರಿಮಗ ನನ್ನ ಎಂಟನೇ ಕ್ಲಾಸಿನ್ಯಾಗ ಅದಾನ."

ತರಗತಿಯಲ್ಲಿ ಬೇಡ ಎಂದೆ. ರಜ್ವಿಯ ಹೆಸರು ಹೇಳಿದರೆ ಮಕ್ಕಳು ಪುಸ್ತಕ ನೋಡುತ್ತಾರೆ. ಈ ಹೆಸರು ಹೇಳಿದರೆ ಆ ಹುಡುಗನನ್ನು ನೋಡುತ್ತಾರೆ. ಹೆಸರನ್ನು ಬೇರೆ ಪುಸ್ತಕದಲ್ಲಿ ಬರೆದಿಡಿ, ಯಾರು ಹೇಳಿದರು, ಯಾವಾಗ ಹೇಳಿದರು ಎಂಬುದನ್ನೂ ಸೇರಿಸಿ ಎಂದೆ. ಅವರು ಸ್ವಲ್ಪ ಹೊತ್ತು ಯೋಚಿಸಿ "ನಮ್ಮೂರಿನ ಕೆಲವರೂ ಸೇರಿ" ಎಂದು ವಾಕ್ಯಕ್ಕೆ ಸೇರಿಸಿದರು. ಪಕ್ಕದಲ್ಲಿದ್ದ ರಾಯಚೂರಿನ ಶಿಕ್ಷಕಿ ಒಪ್ಪಲಿಲ್ಲ. ಸಣ್ಣ ಊರಿನಲ್ಲಿ "ಕೆಲವರು" ಎಂದರೂ ಎಲ್ಲರಿಗೂ ಗೊತ್ತಾಗುತ್ತದೆ ಅಲ್ವಾ ಎಂದರು. ಅದರ ಮೇಲೆ ಮಾತು ಶುರುವಾಯಿತು. ಬಸ್ಸಿನ ಹೊತ್ತಾದರೂ ಯಾರೂ ಏಳಲಿಲ್ಲ.